ಕಸದ ಯಾರ್ಡ್‌ಗೆ ರಸ್ತೆ ಕಡೆ ಮಾತ್ರ ಮರೆ ಕಟ್ಟಿದರೆ ಸಾಕಾ?

ಎರೆಹೊಲ

ಎಲ್ಲರಿಗೂ ನಮಸ್ಕಾರ. ನಮ್ಮದು ಚಿತ್ರದುರ್ಗ ಜಿಲ್ಲೆಯ ಒಂದು ಸಣ್ಣ ಪಟ್ಟಣ. ಊರಿನ ಹೆಸರು ಹಾಕುವುದಿಲ್ಲ, ಸುಮ್ನೆ ಜಗಳ ಯಾಕೆ. ಊರಿನ ಕಸ ಸುರಿಯುವ ಯಾರ್ಡ್ ಮುಖ್ಯ ರಸ್ತೆಯಿಂದ ನೂರು ಮೀಟರ್ ಒಳಗಿದೆ. ಈಗ ಅದಕ್ಕೆ ಮರೆ ಮಾಡಬೇಕು ಅಂತ ಓಡಾಟ ಶುರುವಾಗಿದೆ. ರಸ್ತೆ ಉದ್ದಕ್ಕೂ ತಗಡಿನ ಶೀಟು, ಅದರ ಮೇಲೆ ಗ್ರೀನ್ ನೆಟ್, ಶೀಟಿನ ತುಂಬಾ ಸ್ವಚ್ಛತೆಯ ಚಿತ್ರ. ನಾಯಕನಹಟ್ಟಿ ಜಾತ್ರೆಗೆ ಹೋಗುವ ಜನ ಇದೇ ರಸ್ತೆಯಲ್ಲಿ ಹೋಗುತ್ತಾರೆ. ದೊಡ್ಡವರ ಕಾರುಗಳೂ ಹೋಗುತ್ತವೆ. ಅವರಿಗೆ ಕಾಣಬಾರದು ಅನ್ನುವುದು ಲೆಕ್ಕ.

ನನ್ನ ಹೊಲ ಇರುವುದು ಯಾರ್ಡಿನ ಪೂರ್ವಕ್ಕೆ, ಅಂದರೆ ಹಿಂಭಾಗದಲ್ಲಿ. ಆ ಕಡೆ ಬೇಲಿಯೇ ಇಲ್ಲ. ಕಲ್ಲುಕಂಬ ನಿಂತಿವೆ, ತಂತಿ ಯಾವಾಗಲೋ ಗುಜರಿ ಸೇರಿತು. ಆಷಾಢದ ಗಾಳಿ ಎದ್ದರೆ ಕವರುಗಳೆಲ್ಲ ಹಾರಿ ಬಂದು ಮೆಕ್ಕೆಜೋಳದ ಸಾಲಿನಲ್ಲಿ ಕೂರುತ್ತವೆ. ಎಡೆಕುಂಟೆ ಹೊಡೆಯುವಾಗ ಕುಂಟೆಯ ತಾಳಿಗೆ ಹಾಲಿನ ಪ್ಯಾಕೆಟ್ಟು, ಗುಟ್ಕಾ ಚೀಟಿ, ಹಳೇ ಸೀರೆ ಚೂರು ಸುತ್ತಿಕೊಳ್ಳುತ್ತವೆ. ಎತ್ತು ನಿಲ್ಲಿಸಿ, ಬಗ್ಗಿ, ಕೈಯಲ್ಲಿ ಕಿತ್ತು ತೆಗೆಯಬೇಕು. ಮತ್ತೆ ಹತ್ತು ಮಾರು ಹೋದರೆ ಅದೇ ಕಥೆ.

ಮರೆ ಬೇಡ ಅಂತ ನಾನು ಹೇಳುತ್ತಿಲ್ಲ. ರಸ್ತೆ ಕಡೆಗೆ ಮಾತ್ರ ಯಾಕೆ ಅಂತ ಕೇಳುತ್ತಿದ್ದೇನೆ. ನಿಯಮ ಗೊತ್ತಿರುವವರು, ಗಿಡದ ಬಗ್ಗೆ ಗೊತ್ತಿರುವವರು ಸ್ವಲ್ಪ ಹೇಳಿ. ಒಂದು ಅರ್ಜಿ ಕೊಡೋಣ ಅಂತಿದ್ದೇನೆ.

ಬೆಣ್ಣೆದೋಸೆ ಪ್ರಿಯ

ನಾನು ಕೆಲಸಕ್ಕೆ ದಾವಣಗೆರೆಯಿಂದ ದುರ್ಗಕ್ಕೆ ದಿನಾ ಓಡಾಡುವವನು. ಮರೆ ಮಾಡುವುದರಲ್ಲಿ ತಪ್ಪೇನಿದೆ ಅಣ್ಣಾ? ಬಸ್ಸಿನ ಕಿಟಕಿಯಿಂದ ಕಸದ ರಾಶಿ ನೋಡಿಕೊಂಡು ಹೋಗಲು ಯಾರಿಗೂ ಇಷ್ಟವಿಲ್ಲ.

ಇದು ನಮ್ಮಲ್ಲೇ ಹುಟ್ಟಿದ ಯೋಚನೆಯೂ ಅಲ್ಲ. ಅಮೆರಿಕದಲ್ಲಿ 1965ರಲ್ಲೇ ಹೆದ್ದಾರಿ ಚೆನ್ನಾಗಿ ಕಾಣಬೇಕು ಅಂತ ಒಂದು ಕಾನೂನು ಬಂತು. ಆಗಿನ ಅಧ್ಯಕ್ಷರ ಹೆಂಡತಿ ಲೇಡಿ ಬರ್ಡ್ ಜಾನ್ಸನ್ ಅದರ ಹಿಂದೆ ಬಿದ್ದಿದ್ದರು. ಮುಖ್ಯ ಹೆದ್ದಾರಿಯಿಂದ 1000 ಅಡಿ ಒಳಗೆ ಗುಜರಿ ಯಾರ್ಡ್ ಇದ್ದರೆ ಗಿಡ ಬೆಳೆಸಿಯೋ ಬೇಲಿ ಹಾಕಿಯೋ ಅದು ರಸ್ತೆಗೆ ಕಾಣದ ಹಾಗೆ ಮಾಡಬೇಕು, ಇಲ್ಲಾಂದ್ರೆ ಅಲ್ಲಿಂದ ಎತ್ತಬೇಕು. ಕೈಗಾರಿಕಾ ಪ್ರದೇಶಕ್ಕೆ ಮಾತ್ರ ವಿನಾಯಿತಿ. ನಮ್ಮವರು ಈಗ ಶುರು ಮಾಡಿದ್ದಾರೆ, ಮಾಡಲಿ ಬಿಡಿ. ಮೊದಲು ರಸ್ತೆ ಕಡೆ ಆಗಲಿ, ಆಮೇಲೆ ಹೊಲದ ಕಡೆ ಆಗುತ್ತದೆ.

ಕೋಟೆ ಕಲ್ಲು

ಆ ಆಮೇಲೆ ಯಾವತ್ತು ಬಂದಿದೆ ಹೇಳಿ ಸರ್. 2020ರ ಫೆಬ್ರವರಿಯಲ್ಲಿ ಟ್ರಂಪ್ ಅಹಮದಾಬಾದಿಗೆ ಬಂದಾಗ ಅವರು ಹೋಗುವ ದಾರಿಯಲ್ಲಿದ್ದ ಕೊಳೆಗೇರಿ ಮುಂದೆ ಗೋಡೆ ಎದ್ದಿತು. 2023ರಲ್ಲಿ ದೆಹಲಿಯ ಜಿ20 ಸಭೆಗೆ ಕೊಳೆಗೇರಿಗಳ ಮುಂದೆ ಹಸಿರು ಪರದೆ ಕಟ್ಟಿದರು. ಅತಿಥಿಗಳು ವಿಮಾನ ಹತ್ತಿ ಹೋದರು. ಪರದೆ ಹಿಂದೆ ಇದ್ದವರ ನಲ್ಲಿಗೆ ನೀರು ಬಂತಾ? ನಿಮ್ಮ ತಗಡಿನ ಯೋಜನೆಯೂ ಅದೇ ಜಾತಿಯದು.

ಬೆಣ್ಣೆದೋಸೆ ಪ್ರಿಯ

ಜನರ ಮನೆ ಮುಚ್ಚುವುದು ಬೇರೆ, ಕಸ ಮುಚ್ಚುವುದು ಬೇರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕೋಟೆ ಕಲ್ಲು

ಕಸದ ಪಕ್ಕದಲ್ಲೂ ಜನರ ಮನೆ ಇರುತ್ತದಲ್ವಾ? ಎರೆಹೊಲದವರು ಕೇಳಿದ್ದೂ ಅದನ್ನೇ.

ಹಳೇ ಜೆಇ

ಸಿಟ್ಟು ಆಮೇಲೆ ಮಾಡಿಕೊಳ್ಳೋಣ, ಮೊದಲು ಕಾಗದದ ಮೇಲೆ ಏನಿದೆ ನೋಡೋಣ. ನಾನು ನಿವೃತ್ತ ಸಿವಿಲ್ ಎಂಜಿನಿಯರ್. ಈ ಕೆಲಸದಲ್ಲಿ ಕೈ ಕೊಳೆ ಮಾಡಿಕೊಂಡವನು.

2026ರಲ್ಲಿ ಹೊಸ ನಿಯಮ ಬರುವ ತನಕ ಜಾರಿಯಲ್ಲಿದ್ದ 2016ರ ಘನತ್ಯಾಜ್ಯ ನಿರ್ವಹಣಾ ನಿಯಮಗಳ ಒಂದನೇ ಅನುಸೂಚಿ ತೆಗೆದು ನೋಡಿ. ಕಸ ಹೂಳುವ ಜಾಗಕ್ಕೆ ಬೇಲಿ ಇರಬೇಕು, ತಂತಿಯದಾದರೂ ಸರಿ, ಗಿಡದ್ದಾದರೂ ಸರಿ. ಗೇಟು ಇರಬೇಕು. ಕಾರಣವನ್ನೂ ಬರೆದಿದ್ದಾರೆ: ಬೇಡದ ಜನ ಮತ್ತು ಬೀದಿ ಪ್ರಾಣಿಗಳು ಒಳಗೆ ಬರಬಾರದು. ನೋಡುವವರ ಕಣ್ಣಿಗೆ ಚೆನ್ನಾಗಿರಲಿ ಅನ್ನುವುದು ಅಲ್ಲಿ ಕಾರಣವೇ ಅಲ್ಲ. ಇನ್ನೊಂದು ಕಡೆ, ಜಾಗದ ಗಡಿಯ ಸುತ್ತಲೂ ಹಸಿರು ಪಟ್ಟಿ ಬೆಳೆಸಬೇಕು, ಅದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯನ್ನು ಕೇಳಿ ಮಾಡಬೇಕು ಅಂತ ಇತ್ತು. ಸುತ್ತಲೂ. ರಸ್ತೆ ಕಡೆ ಅಂತ ಇರಲಿಲ್ಲ. ಎರೆಹೊಲದವರೇ, ಹೊಸ ನಿಯಮದಲ್ಲಿ ಈ ಸಾಲು ಹೇಗಿದೆ ನೋಡಿಕೊಂಡು ಅರ್ಜಿಗೆ ಹಾಕಿ. ಬೇಲಿ, ಗೇಟಿನ ಮಾತು 2000ದ ನಿಯಮಗಳಲ್ಲೂ ಇತ್ತು.

ದೂರದ ಲೆಕ್ಕವೂ ಅಲ್ಲೇ ಇತ್ತು. ನದಿಯಿಂದ 100 ಮೀಟರ್. ಕೆರೆಕಟ್ಟೆ, ಹೆದ್ದಾರಿ, ಜನವಸತಿ, ಕುಡಿಯುವ ನೀರಿನ ಬಾವಿ, ಇವುಗಳಿಂದ 200 ಮೀಟರ್. ನಿಮ್ಮ ಯಾರ್ಡ್ ನೂರು ಮೀಟರಿಗೇ ಇದೆ ಅಂದರೆ ಅದು ಆ ಕಾಲದ ಗುಂಡಿ, ಯಾರೂ ಅಳತೆ ಹಿಡಿದು ಆರಿಸಿದ ಜಾಗ ಅಲ್ಲ. ಆ ರಸ್ತೆ ದಾಖಲೆಯಲ್ಲಿ ಹೆದ್ದಾರಿಯೋ ಅಲ್ಲವೋ ನೋಡಿಕೊಳ್ಳಿ.

ಈಗ ಕಣ್ಣಿನ ಲೆಕ್ಕ. ಮರೆ ಎಲ್ಲಿ ನಿಲ್ಲಿಸುತ್ತೀರಿ ಅನ್ನುವುದರ ಮೇಲೆ ಎಲ್ಲ ಇದೆ. ನೆಲ ಸಮತಟ್ಟು ಅಂತ ಇಟ್ಟುಕೊಳ್ಳಿ, ಮರೆಯ ಎತ್ತರ 3 ಮೀಟರ್, ಕಸದ ರಾಶಿ ರಸ್ತೆಯಿಂದ 100 ಮೀಟರ್. ಬೈಕಿನವನ ಕಣ್ಣು ನೆಲದಿಂದ ಒಂದೂವರೆ ಮೀಟರ್. ಮರೆಯನ್ನು ರಸ್ತೆಯಿಂದ 10 ಮೀಟರಿಗೆ ನಿಲ್ಲಿಸಿದರೆ ಅಲ್ಲಿ 16 ಮೀಟರ್ ಎತ್ತರದ ರಾಶಿಯೂ ಅವನಿಗೆ ಕಾಣುವುದಿಲ್ಲ. ಅದೇ ಮರೆಯನ್ನು ರಾಶಿಯ ಬುಡದಲ್ಲಿ, ರಸ್ತೆಯಿಂದ 90 ಮೀಟರಿಗೆ ನಿಲ್ಲಿಸಿದರೆ 3 ಮೀಟರ್ ಚಿಲ್ಲರೆ ಮಾತ್ರ ಮುಚ್ಚುತ್ತದೆ. ಅದರ ಮೇಲಿನದೆಲ್ಲ ಕಾಣುತ್ತದೆ. ಬಸ್ಸಿನಲ್ಲಿ ಕೂತವರ ಕಣ್ಣು ಸುಮಾರು ಎರಡೂವರೆ ಮೀಟರ್ ಎತ್ತರದಲ್ಲಿ ಇರುತ್ತದೆ. ಅವರಿಗೆ ರಸ್ತೆ ಪಕ್ಕದ ಮರೆಯೂ ಏಳೂವರೆ ಮೀಟರ್ ತನಕ ಮಾತ್ರ. ರಸ್ತೆ ಏರಿನಲ್ಲಿದ್ದರೆ ಕಥೆ ಮುಗಿಯಿತು, ಮೇಲಿಂದ ನೋಡುವವನಿಗೆ ಯಾವ ಗೋಡೆಯೂ ಅಡ್ಡ ಬರುವುದಿಲ್ಲ. ದುರ್ಗದ ಸೀಮೆಯಲ್ಲಿ ಸಮತಟ್ಟು ರಸ್ತೆ ಎಷ್ಟಿದೆ ಅಂತ ನಿಮಗೇ ಗೊತ್ತು.

ತಗಡಿಗೆ ಗಾಳಿ ಲೆಕ್ಕವನ್ನು ಯಾರಾದರೂ ಹಾಕಿದ್ದಾರಾ? ಗಾಳಿ ಗಂಟೆಗೆ 72 ಕಿ.ಮೀ. ವೇಗದಲ್ಲಿ ಬೀಸಿದರೆ ಪ್ರತಿ ಚದರ ಮೀಟರಿಗೆ ಸುಮಾರು 24 ಕೆ.ಜಿ. ತಳ್ಳುತ್ತದೆ. 3 ಮೀಟರ್ ಎತ್ತರ, 10 ಮೀಟರ್ ಉದ್ದದ ತಗಡಿಗೆ 700 ಕೆ.ಜಿ.ಗಿಂತ ಜಾಸ್ತಿ. ಗುಡ್ಡದ ತುಂಬಾ ಗಾಳಿಯಂತ್ರ ನಿಲ್ಲಿಸಿರುವ ಜಿಲ್ಲೆ ಇದು. ಎರಡಡಿ ಗುಂಡಿ ತೋಡಿ ಪೈಪು ನೆಟ್ಟು ತಗಡು ಹೊಡೆದರೆ ಮೊದಲ ಮುಂಗಾರಿಗೇ ರಸ್ತೆ ಮೇಲೆ ಮಲಗುತ್ತದೆ. ಯಾರ ತಲೆ ಮೇಲೆ ಬೀಳುತ್ತದೋ.

ಎರೆಹೊಲ

ಸರ್, ತುಂಬಾ ಉಪಕಾರ ಆಯಿತು. ಸುತ್ತಲೂ ಅನ್ನುವ ಮಾತು ನಿಯಮದಲ್ಲೇ ಇತ್ತು ಅಂತ ನಮಗೆ ಯಾರೂ ಹೇಳಿರಲಿಲ್ಲ. ನಮ್ಮ ಕಡೆ ಬರುವ ಕವರುಗಳಿಗೂ ತಗಡೇ ಒಳ್ಳೆಯದಾ, ಬೇರೆ ಏನಾದರೂ ಇದೆಯಾ?

ಹಳೇ ಜೆಇ

ತಗಡು ಬೇಡವೇ ಬೇಡ. ಮುಚ್ಚಿದ ಗೋಡೆಗೆ ಗಾಳಿ ಬಡಿದರೆ ಮೇಲೆ ಹಾರಿ ಆ ಕಡೆ ಸುಳಿ ಹೊಡೆಯುತ್ತದೆ. ಕವರ್ ಕೂಡ ಗೋಡೆ ಹಾರಿ ನಿಮ್ಮ ಹೊಲಕ್ಕೇ ಬರುತ್ತದೆ. ಗಾಳಿಯನ್ನು ಅರ್ಧ ಬಿಟ್ಟು ಅರ್ಧ ತಡೆಯುವ ಬೇಲಿ ಬೇಕು. ಚೈನ್‌ಲಿಂಕ್ ಮೆಶ್, ಅಂದರೆ ತಂತಿ ಬಲೆ ಆಗಬಹುದು, ಮೂರು ಸಾಲು ಗಿಡ ಆಗಬಹುದು. ಅಂಥ ಬೇಲಿ ತನ್ನ ಎತ್ತರದ ಹತ್ತು ಪಟ್ಟು ದೂರದ ತನಕ ಗಾಳಿಯ ಜೋರು ಇಳಿಸುತ್ತದೆ. ಮೆಶ್‌ಗೆ ಸಿಕ್ಕ ಕವರನ್ನು ಆಗಾಗ ಬಿಡಿಸಬೇಕು, ಇಲ್ಲಾಂದ್ರೆ ಅದೂ ಗೋಡೆ ಆಗಿ ಬೀಳುತ್ತದೆ. ಕಸ ಸುರಿಯುವ ಜಾಗದ ಪಕ್ಕದಲ್ಲೇ ಎತ್ತಿ ಇಡುವಂಥ ಬಲೆ ಚೌಕಟ್ಟು ನಿಲ್ಲಿಸಿದರೆ ಇನ್ನೂ ಒಳ್ಳೆಯದು.

ಆದರೆ ಇದಕ್ಕೆಲ್ಲ ಮೊದಲು ಮಣ್ಣು. ಹೂಳುವ ಕಸದ ಮೇಲೆ ಆ ದಿನದ ಕೆಲಸ ಮುಗಿಯುವ ಹೊತ್ತಿಗೆ ಕನಿಷ್ಠ 10 ಸೆಂಟಿಮೀಟರ್ ಮಣ್ಣೋ ಕಟ್ಟಡದ ಚೂರೋ ಹಾಕಬೇಕು ಅಂತ ಅದೇ ಅನುಸೂಚಿಯಲ್ಲಿತ್ತು. ಮಳೆಗಾಲಕ್ಕೆ ಮುಂಚೆ 40ರಿಂದ 65 ಸೆಂಟಿಮೀಟರ್. ಅಷ್ಟು ಮಾಡಿದರೆ ಕವರ್ ಹಾರುವುದಿಲ್ಲ, ಹದ್ದು ಕಾಗೆ ಸುತ್ತುವುದಿಲ್ಲ, ರಸ್ತೆಯಿಂದ ನೋಡಿದರೂ ಮಣ್ಣಿನ ದಿಬ್ಬ ಕಾಣುತ್ತದೆ ಅಷ್ಟೇ. ನಾನು ಕೆಲಸದಲ್ಲಿದ್ದಾಗ ಇದನ್ನು ಹೇಳಿದರೆ ಮಣ್ಣಿಗೆ ದುಡ್ಡೆಲ್ಲಿದೆ ಅನ್ನುತ್ತಿದ್ದರು. ತಗಡಿಗೆ, ಪೇಂಟಿಗೆ ದುಡ್ಡು ಇರುತ್ತದೆ.

ಬೆಣ್ಣೆದೋಸೆ ಪ್ರಿಯ

ಜೆಇ ಸರ್, ಮಣ್ಣು ತರುವುದು ಎಲ್ಲಿಂದ? ಯಾವುದೋ ಗುಡ್ಡ ಅಗೆದು ತಂದರೆ ಅಲ್ಲೊಂದು ಗುಂಡಿ. ಸುಲಭದ ಮಾತಲ್ಲ ಇದು.

ಹಳೇ ಜೆಇ

ಊರಿನಲ್ಲಿ ದಿನಾ ಮನೆ ಒಡೆಯುತ್ತಾರೆ, ಚರಂಡಿ ಹೂಳು ಎತ್ತುತ್ತಾರೆ, ಕೆರೆ ಹೂಳು ತೆಗೆಯುತ್ತಾರೆ. ಒಡೆದ ಮನೆಯ ಇಟ್ಟಿಗೆ ಚೂರೆಲ್ಲ ಈಗ ರಾತ್ರೋರಾತ್ರಿ ರಸ್ತೆ ಬದಿಗೆ ಬೀಳುತ್ತಿದೆ. ಅದನ್ನು ಇಲ್ಲಿಗೆ ತಿರುಗಿಸಿದರೆ ಅರ್ಧ ಮಣ್ಣಿನ ಖರ್ಚು ಉಳಿಯುತ್ತದೆ.

ಹೊಂಗೆ ನೆರಳು

ಗಿಡದ ವಿಷಯ ನನಗೆ ಬಿಡಿ. ಹೊಳಲ್ಕೆರೆ ಕಡೆ ನಮ್ಮದೊಂದು ಸಣ್ಣ ನರ್ಸರಿ ಇದೆ.

ಮೊದಲು ಏನು ನೆಡಬಾರದು ಅಂತ ಹೇಳುತ್ತೇನೆ. ಬೇಗ ಬೆಳೆದು ದಟ್ಟ ಗೋಡೆ ಹಾಗೆ ನಿಲ್ಲುತ್ತದೆ ಅಂತ ಎಲ್ಲರೂ ಕೋನೊಕಾರ್ಪಸ್ ಕೇಳುತ್ತಾರೆ. ನಾನು ಮಾರುವುದಿಲ್ಲ. ಅದರ ಬೇರು ಪೈಪು, ಚರಂಡಿ ಬಿಡುವುದಿಲ್ಲ, ಅದರ ಹೂವಿನ ಪರಾಗದಿಂದ ಉಸಿರಾಟದ ತೊಂದರೆ ಅನ್ನುವ ದೂರೂ ಇದೆ. ಗುಜರಾತ್ ಸರ್ಕಾರ 2023ರಲ್ಲಿ ಅದನ್ನು ನೆಡುವುದನ್ನೇ ನಿಷೇಧಿಸಿತು. ನೀಲಗಿರಿಯೂ ಬೇಡ, ಕೆಳಗೆ ಕಾಂಡ ಬರಿದಾಗಿ ನಿಲ್ಲುತ್ತದೆ, ಮರೆಗೆ ಏನೂ ಸಿಗುವುದಿಲ್ಲ. ಮಾವು, ಸೀಬೆ, ನೇರಳೆ ಅಂತೂ ಮುಟ್ಟಬೇಡಿ. ಕಸದ ರಸ ಇಳಿದ ನೆಲದ ಹಣ್ಣು ಮಕ್ಕಳ ಕೈಗೆ ಸಿಗುವುದು ಬೇಡ.

ನೆಡುವುದಾದರೆ ಹೊರಗಿನ ಸಾಲಿಗೆ ಲಕ್ಕಿ ಗಿಡ ಮತ್ತು ಕತ್ತಾಳೆ. ಲಕ್ಕಿಗೆ ಆಡು ಬಾಯಿ ಹಾಕುವುದಿಲ್ಲ, ಕಡ್ಡಿ ನೆಟ್ಟರೂ ಚಿಗುರುತ್ತದೆ, ನಮ್ಮ ಬಿಸಿಲಿಗೆ ಅಂಜುವುದಿಲ್ಲ. ಸವರಿದಷ್ಟೂ ದಟ್ಟ ಆಗುತ್ತದೆ. ಕತ್ತಾಳೆ ನಮ್ಮ ಹಿರಿಯರು ಹೊಲದ ಬದುವಿಗೆ ಹಾಕುತ್ತಿದ್ದದ್ದೇ. ಮಧ್ಯದ ಸಾಲಿಗೆ ಗ್ಲಿರಿಸೀಡಿಯಾ, ನಮ್ಮ ಕಡೆ ಗೊಬ್ಬರದ ಗಿಡ ಅನ್ನುತ್ತೇವಲ್ಲ, ಅದು. ಒಳಗಿನ ಸಾಲಿಗೆ ಹೊಂಗೆ, ಬೇವು. ಸಾಲುಗಳನ್ನು ಒಂದಕ್ಕೊಂದು ಎದುರು ಹಾಕದೆ ಸಂದಿಗೆ ಸಂದಿ ತಪ್ಪಿಸಿ ನೆಡಬೇಕು. ಆಗ ಗಿಡ ಚಿಕ್ಕದಿದ್ದರೂ ಆಚೆ ಕಾಣುವುದು ಕಡಿಮೆ.

ಹೊಂಗೆ ಎದೆ ಎತ್ತರ ಬರುವ ತನಕ ನೀರು ಬೇಕು. ಮುಂಗಾರು ಶುರುವಲ್ಲಿ ನೆಟ್ಟರೂ ಮುಂದಿನ ಎರಡು ಬೇಸಿಗೆ ಕಾಯಬೇಕು. ಮರೆ ಅನ್ನುವ ಹಾಗೆ ಕಾಣಲು ಮೂರ್ನಾಲ್ಕು ವರ್ಷ. ವನಮಹೋತ್ಸವದ ದಿನ ಫೋಟೊ ತೆಗೆಸಿಕೊಂಡು ಮರುದಿನದಿಂದ ಆ ಕಡೆ ತಲೆ ಹಾಕದ ಪೈಕಿ ಆದರೆ ದಯವಿಟ್ಟು ನನ್ನ ಹತ್ತಿರ ಸಸಿ ಕೇಳಬೇಡಿ.

ಎನ್‌ಎಚ್ 48

ಮೂರ್ನಾಲ್ಕು ವರ್ಷ ಯಾರು ಕಾಯುತ್ತಾರೆ. ಗ್ರೀನ್ ನೆಟ್ ಆದರೆ ಒಂದೇ ದಿನದ ಕೆಲಸ.

ಹೊಂಗೆ ನೆರಳು

ನಮ್ಮ ನರ್ಸರಿಯ ಮೇಲೂ ಅದೇ ನೆಟ್ ಇದೆ. ನೆರಳಿಗೆ ಅಂತ ಅಡ್ಡ ಕಟ್ಟಿದ ಒಳ್ಳೆ ನೆಟ್ ಬಾಳಿಕೆ ಬರುತ್ತದೆ. ಬಯಲಲ್ಲಿ ನಿಲುವಾಗಿ ಕಟ್ಟಿದ ಅಗ್ಗದ ನೆಟ್ ಗಾಳಿಗೆ ಪಟಪಟ ಹೊಡೆದುಕೊಂಡು ಹಗ್ಗ ಕಟ್ಟುವ ತೂತಿನ ಹತ್ತಿರ ಹರಿಯುತ್ತದೆ. ಬಿಸಿಲಿಗೆ ದಾರ ಪುಡಿಪುಡಿ ಆಗುತ್ತದೆ. ಆ ಹಸಿರು ಎಳೆಗಳೂ ಕೊನೆಗೆ ಎರೆಹೊಲದವರ ಮೆಕ್ಕೆಜೋಳಕ್ಕೇ ಹೋಗಿ ಬೀಳುತ್ತವೆ. ಗಿಡ ಬೆಳೆಯುವ ತನಕ ತಾತ್ಕಾಲಿಕಕ್ಕೆ ಆಗಬಹುದು, ಅಷ್ಟೇ.

ಕುರಿ ಮಂದೆ

ನಮ್ಮದೂ ಒಂದು ಮಾತು. ನೀವೆಲ್ಲ ಕಾಣುವುದರ ಬಗ್ಗೆ ಮಾತಾಡುತ್ತಿದ್ದೀರಿ, ನಮಗೆ ನಾಯಿ ಕಾಟ. ಯಾರ್ಡಿಗೆ ಕೋಳಿ ಅಂಗಡಿಯ ಚೀಲ ಬರುತ್ತದೆ, ಅದರ ವಾಸನೆಗೆ ನಾಯಿ ಸೇರುತ್ತವೆ. ಮಾಂಸದ ರುಚಿ ಹತ್ತಿದ ನಾಯಿ ಸುಮ್ಮನಿರುತ್ತದಾ? ಹಿಂಡು ಕಟ್ಟಿಕೊಂಡು ಹಟ್ಟಿಗೆ ಬರುತ್ತವೆ. ನಮ್ಮ ಮಂದೆಯ ಮರಿಗಳನ್ನು ಕಚ್ಚಿ ಎಳೆದಿವೆ. ಪರಿಹಾರ ಕೇಳಲು ಹೋದರೆ ನಾಯಿ ಯಾರದ್ದು ಅಂತ ಕೇಳಿದರು. ಏನು ಹೇಳಲಿ?

ಲಕ್ಕಿ ಗಿಡ, ಹೊಂಗೆ ಎಲ್ಲ ಸರಿ. ನಾಯಿ ಅದರ ಬುಡದಲ್ಲಿ ನುಸುಳಿ ಬರುತ್ತದೆ. ಗಿಡದ ಜೊತೆಗೆ ಕೆಳಗೆ ಒಂದಡಿ ಹೂತ ಮೆಶ್ ಬೇಕು. ಇನ್ನೊಂದು, ದಟ್ಟ ಗಿಡ ಬೆಳೆದರೆ ಅದರೊಳಗೇ ನಾಯಿ ಮರಿ ಹಾಕುತ್ತವೆ. ಅದನ್ನೂ ಯೋಚನೆ ಮಾಡಿ.

ಹೊಂಗೆ ನೆರಳು

ಇದು ಸರಿಯಾದ ಮಾತು ಯಜಮಾನ್ರೆ. ಹಾಗಾದರೆ ಮೆಶ್ ಒಳಗಡೆ, ಗಿಡ ಹೊರಗಡೆ. ಮಧ್ಯೆ ಒಬ್ಬ ಮನುಷ್ಯ ನಡೆಯುವಷ್ಟು ಜಾಗ. ಗಿಡ ಸವರಲೂ ಬೇಕು, ಮೆಶ್‌ನಿಂದ ಕವರ್ ಬಿಡಿಸಲೂ ಬೇಕು.

ನಸುಕಿನ ಗಾಡಿ

ಇಲ್ಲಿ ತನಕ ಓದಿಕೊಂಡು ಬಂದೆ. ನಮ್ಮ ಅಮ್ಮ ಪೌರಕಾರ್ಮಿಕರು. ಬೆಳಗ್ಗೆ ಐದಕ್ಕೆಲ್ಲ ಆಟೊ ಟಿಪ್ಪರ್ ಹಿಂದೆ ಹೋಗುತ್ತಾರೆ. ನಮ್ಮ ಊರು ಯಾವುದು ಅಂತ ನಾನೂ ಹೇಳುವುದಿಲ್ಲ.

ನಮ್ಮಲ್ಲಿ ಇಂಥದ್ದೇ ತಗಡಿನ ಗೋಡೆ ಬಂದಿದೆ. ಬಂದ ಮೇಲೆ ಏನಾಯಿತು ಕೇಳಿ. ಗೋಡೆಯ ರಸ್ತೆ ಕಡೆಯ ಬುಡವೇ ಹೊಸ ತಿಪ್ಪೆ ಆಯಿತು. ಮೊದಲು ಬಯಲಾಗಿದ್ದಾಗ ಬೈಕಿನಲ್ಲಿ ಬಂದು ಚೀಲ ಎಸೆಯುವವರು ಸ್ವಲ್ಪ ಹಿಂದೆ ಮುಂದೆ ನೋಡುತ್ತಿದ್ದರು, ಒಳಗೆ ಕೆಲಸ ಮಾಡುವವರು ನೋಡುತ್ತಾರೆ ಅಂತ. ಈಗ ಗೋಡೆ ಅಡ್ಡ ಇದೆ, ಒಳಗಿನವರಿಗೆ ಕಾಣುವುದಿಲ್ಲ. ಕಟಿಂಗ್ ಶಾಪಿನ ಕೂದಲು, ಕೋಳಿ ಪುಕ್ಕ, ಒಡೆದ ಕಮೋಡು, ಮದುವೆ ಮನೆಯ ಎಂಜಲೆಲೆ. ಗೋಡೆ ಮೇಲೆ ಗಾಂಧೀಜಿ ಕನ್ನಡಕದ ಚಿತ್ರ, ಅದರ ಕೆಳಗೆ ಗಂಡಸರು ಸಾಲಾಗಿ ನಿಂತಿರುತ್ತಾರೆ. ಯಾಕೆ ಅಂತ ಬೇರೆ ಹೇಳಬೇಕಾ? ಅದನ್ನು ತೆಗೆಯುವ ಕೆಲಸವೂ ಅಮ್ಮನವರ ಪಾಳಿಗೇ ಬಂತು.

ಇನ್ನೊಂದು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಹೆಂಗಸರಿಗೆ ಒಂದು ಥರದಲ್ಲಿ ಮರೆ ಬೇಕಿತ್ತು. ಅಲ್ಲಿ ಶೌಚಾಲಯ ಇಲ್ಲ, ಕೂತು ಉಣ್ಣುವುದಕ್ಕೆ ನೆರಳಿಲ್ಲ, ಕೈ ತೊಳೆಯಲು ಡ್ರಮ್ಮಿನ ನೀರು. ರಸ್ತೆಯಲ್ಲಿ ಹೋಗುವವರು ಬೈಕ್ ನಿಲ್ಲಿಸಿ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಆ ತೊಂದರೆ ಗೋಡೆಯಿಂದ ತಪ್ಪಿತು, ಸುಳ್ಳು ಹೇಳಬಾರದು. ಆದರೆ ಗೋಡೆಗೆ ಹಾಕಿದ ದುಡ್ಡಿನಲ್ಲಿ ಒಂದು ಸಣ್ಣ ಕೋಣೆ, ಒಂದು ನಲ್ಲಿ ಆಗುತ್ತಿತ್ತಲ್ಲ ಅಂತ ಅಮ್ಮ ಅನ್ನುತ್ತಾರೆ. ಗೋಡೆ ಬಂದ ಮೇಲೆ ಅದನ್ನು ಕೇಳಿದರೆ, ಈಗ ಎಲ್ಲ ಚೆನ್ನಾಗಿದೆಯಲ್ಲಮ್ಮ ಅನ್ನುತ್ತಾರಂತೆ.

ಚಿಂದಿ ಆಯುವವರಿಗೂ ಗೇಟು ಮುಚ್ಚಿತು. 2016ರ ನಿಯಮದಲ್ಲಿ ಅವರನ್ನು ಗುರುತಿಸಿ ಕೆಲಸದೊಳಗೆ ಸೇರಿಸಿಕೊಳ್ಳಬೇಕು ಅಂತ ಇತ್ತು. ನಮ್ಮಲ್ಲಿ ಅವರನ್ನು ಹೊರಗೆ ಕಳಿಸಿದ್ದೇ ಆಯಿತು. ಅವರು ಎತ್ತುತ್ತಿದ್ದ ಬಾಟಲಿ, ಪ್ಲಾಸ್ಟಿಕ್ ಈಗ ರಾಶಿಯಲ್ಲೇ ಉಳಿಯುತ್ತಿದೆ.

ಎರೆಹೊಲ

ಅಕ್ಕ, ನೀವು ಬರೆದದ್ದನ್ನು ನಮ್ಮ ಮನೆಯವರಿಗೂ ಓದಿ ಹೇಳಿದೆ. ಕೋಣೆ, ನಲ್ಲಿ ಎರಡನ್ನೂ ಅರ್ಜಿಯಲ್ಲಿ ಸೇರಿಸುತ್ತೇನೆ. ಇದು ನನ್ನ ತಲೆಗೆ ಬಂದಿರಲಿಲ್ಲ.

ಬೆಣ್ಣೆದೋಸೆ ಪ್ರಿಯ

ನಸುಕಿನ ಗಾಡಿ ಅಕ್ಕ ಹೇಳಿದ ಮೇಲೆ ತಗಡಿನ ಪರ ಮಾತಾಡಲು ನನಗೂ ಮನಸ್ಸಿಲ್ಲ. ಆದರೆ ಗಿಡದ ಮರೆ ಬೇಕು ಅನ್ನುವುದರಲ್ಲಿ ನಾನು ಗಟ್ಟಿ. ಕಣ್ಣಿಗೆ ಕಾಣುತ್ತಿದ್ದರೆ ಜನ ಎಚ್ಚೆತ್ತುಕೊಳ್ಳುತ್ತಾರೆ ಅಂತ ಕೆಲವರು ವಾದ ಮಾಡುತ್ತಾರೆ. ಇಷ್ಟು ವರ್ಷ ಕಂಡಿತಲ್ಲ, ಯಾರು ಎಚ್ಚೆತ್ತುಕೊಂಡರು? ನಾನೇ ದಿನಾ ನೋಡುತ್ತೇನೆ, ಕಿಟಕಿ ಹಾಕಿಕೊಂಡು ಮೊಬೈಲ್ ನೋಡುತ್ತೇನೆ.

ಕೋಟೆ ಕಲ್ಲು

ನೀವು ಎಚ್ಚೆತ್ತುಕೊಳ್ಳಲಿಕ್ಕೆ ಅಂತ ಅಲ್ಲ ಸರ್. ಬೆಂಕಿ ಬಿದ್ದರೆ ಯಾರಾದರೂ ನೋಡಿ ಫೋನ್ ಮಾಡಲಿ ಅಂತ. ಬೇಸಿಗೆಯಲ್ಲಿ ಯಾರ್ಡ್‌ಗಳಿಗೆ ಬೆಂಕಿ ಬೀಳುವುದು ನಿಮಗೂ ಗೊತ್ತು. ಕೆಲವೊಮ್ಮೆ ತಾನಾಗಿ ಹತ್ತುತ್ತದೆ, ಕೆಲವೊಮ್ಮೆ ರಾಶಿ ಕರಗಲಿ ಅಂತ ಹಚ್ಚುತ್ತಾರೆ. ಮರೆ ಇದ್ದರೆ ಹಚ್ಚುವವರಿಗೆ ಅನುಕೂಲ. ಕೊಚ್ಚಿಯ ಬ್ರಹ್ಮಪುರಂ ಯಾರ್ಡಿಗೆ 2023ರ ಮಾರ್ಚ್‌ನಲ್ಲಿ ಬಿದ್ದ ಬೆಂಕಿ ಹತ್ತು ದಿನಕ್ಕೂ ಜಾಸ್ತಿ ಆರಲಿಲ್ಲ, ಊರಿಡೀ ಹೊಗೆ ತುಂಬಿತ್ತು.

ಬಯಲಲ್ಲಿ ಕಸ ಸುಡುವುದನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಡಿಸೆಂಬರಿನಲ್ಲೇ ನಿಷೇಧಿಸಿದೆ. ಸಣ್ಣ ಪ್ರಮಾಣಕ್ಕೆ 5,000 ರೂಪಾಯಿ, ದೊಡ್ಡ ಪ್ರಮಾಣಕ್ಕೆ 25,000 ರೂಪಾಯಿ ದಂಡ. ಕಸ ಹೂಳುವ ಜಾಗಗಳಿಗೂ ಅದು ಅನ್ವಯ. ಆ ಕೇಸು ಶುರುವಾದದ್ದು ನಮ್ಮ ಬೆಂಗಳೂರಿನ ಆಲ್ಮಿತ್ರಾ ಪಟೇಲ್ ಅವರು 1996ರಲ್ಲಿ ಸುಪ್ರೀಂ ಕೋರ್ಟಿಗೆ ಹಾಕಿದ ಅರ್ಜಿಯಿಂದ. 2000ದ ನಿಯಮಗಳು ಬಂದದ್ದೂ ಅದೇ ಅರ್ಜಿಯ ಹಿಂದೆ. ಒಬ್ಬರ ಅರ್ಜಿ ಇಪ್ಪತ್ತು ವರ್ಷ ಓಡಿತು ನೋಡಿ. ಎರೆಹೊಲದವರಿಗೆ ಧೈರ್ಯ ಬರಲಿ ಅಂತ ಹೇಳಿದೆ, ಹೆದರಿಸಲಿಕ್ಕೆ ಅಲ್ಲ!

ಹಳೇ ಜೆಇ

ಬೆಂಕಿ ವಿಷಯ ಬಂದದ್ದು ಒಳ್ಳೆಯದಾಯಿತು. ಕೊಳೆತ ಕಸದಿಂದ ಬರುವ ಗಾಳಿಯಲ್ಲಿ ಹೆಚ್ಚು ಕಡಿಮೆ ಅರ್ಧ ಮೀಥೇನ್. ಗಿಡದ ಪಟ್ಟಿಗೂ ಕಸದ ರಾಶಿಗೂ ಮಧ್ಯೆ ಖಾಲಿ ನೆಲ ಬಿಡಲೇಬೇಕು, ಜೆಸಿಬಿಯೋ ಅಗ್ನಿಶಾಮಕ ಗಾಡಿಯೋ ಸುತ್ತಲೂ ಓಡಾಡುವಷ್ಟು. ಒಣಗಿದ ಲಕ್ಕಿ ಕಡ್ಡಿ ಚೆನ್ನಾಗಿ ಉರಿಯುತ್ತದೆ. ಗೇಟಿನ ಹತ್ತಿರ ಒಂದಷ್ಟು ಜಾಗ ಬಯಲಾಗಿಯೇ ಇರಲಿ. ಅಲ್ಲೊಂದು ಬೋರ್ಡ್: ಈ ದಿನ ಎಷ್ಟು ಗಾಡಿ ಬಂತು, ಎಷ್ಟು ಹಸಿ ಕಸ, ಎಷ್ಟು ಒಣ ಕಸ, ಮಣ್ಣು ಬಿತ್ತಾ ಇಲ್ಲವಾ. ಮರೆ ಕಟ್ಟಿದ ಮೇಲೆ ಒಳಗಿನ ಲೆಕ್ಕ ಹೊರಗೆ ಹಾಕಬೇಕು.

ತುಂಗೆ ದಂಡೆ

ಹರಿಹರದಿಂದ. ನಮ್ಮ ಅಜ್ಜನ ಕಾಲದಲ್ಲಿ ಪ್ರತಿ ಮನೆಗೂ ಹಿತ್ತಲ ಆಚೆ ತಿಪ್ಪೆ ಇರುತ್ತಿತ್ತು. ಅದಕ್ಕೆ ಯಾರೂ ಮರೆ ಕಟ್ಟುತ್ತಿರಲಿಲ್ಲ, ದಾರಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು. ತಿಪ್ಪೆ ದೊಡ್ಡದಿದ್ದರೆ ಆ ಮನೆಯಲ್ಲಿ ದನ ಜಾಸ್ತಿ ಅಂತ ಲೆಕ್ಕ. ಯುಗಾದಿ ಹೊತ್ತಿಗೆ ಗಾಡಿ ಕಟ್ಟಿ ಗೊಬ್ಬರ ಹೊಲಕ್ಕೆ ಹೊಡೆದು ಗುಂಡಿ ಬರಿದು ಮಾಡುತ್ತಿದ್ದರು. ಈಗಿನ ಯಾರ್ಡ್ ಯಾವ ಯುಗಾದಿಗೂ ಬರಿದಾಗುವುದಿಲ್ಲ. ಮರೆಯ ಚರ್ಚೆ ಬಂದಿರುವುದೇ ಅದಕ್ಕೆ. ಹಸಿ ಕಸ ಬೇರೆ ಬಂದರೆ ಗೊಬ್ಬರ ಆಗುತ್ತದೆ, ಹೊಲಕ್ಕೆ ಹೋಗುತ್ತದೆ. ಗಾಜು, ಪ್ಯಾಡು, ಬ್ಯಾಟರಿ ಸೇರಿಸಿ ಕೊಟ್ಟರೆ ಯಾವ ರೈತ ಮುಟ್ಟುತ್ತಾನೆ?

ಎನ್‌ಎಚ್ 48

ಹಳೇ ರಾಶಿಗಳನ್ನು ಬಯೋಮೈನಿಂಗ್ ಮಾಡಿ ಖಾಲಿ ಮಾಡುತ್ತಾರಲ್ಲ, 2021ರಲ್ಲಿ ಶುರುವಾದ ಸ್ವಚ್ಛ ಭಾರತದ ಎರಡನೇ ಹಂತದಲ್ಲಿ ಅದಕ್ಕೆ ದುಡ್ಡೂ ಇಟ್ಟಿದ್ದರು. ಹೇಗೂ ರಾಶಿ ಹೋಗುವುದಾದರೆ ಮರೆ ಯಾಕೆ?

ಹಳೇ ಜೆಇ

ಹೋಗುವುದಾದರೆ ಒಳ್ಳೆಯದೇ. ರಾಶಿಯನ್ನು ಸಾಲು ಸಾಲು ಮಾಡಿ, ಸೂಕ್ಷ್ಮಜೀವಿ ದ್ರಾವಣ ಸಿಂಪಡಿಸಿ, ತಿರುವಿ ಹಾಕಿ ಒಣಗಿಸಿ, ಆಮೇಲೆ ಟ್ರೊಮೆಲ್ ಅನ್ನುವ ತಿರುಗುವ ಜರಡಿಗೆ ಹಾಕುತ್ತಾರೆ. ಮಣ್ಣಿನಂಥದ್ದು ಒಂದು ಕಡೆ, ಕಲ್ಲು ಇಟ್ಟಿಗೆ ಒಂದು ಕಡೆ, ಉರಿಯುವ ಪ್ಲಾಸ್ಟಿಕ್ ಬಟ್ಟೆ ಒಂದು ಕಡೆ. ಉರಿಯುವುದನ್ನು ಸಿಮೆಂಟ್ ಕಾರ್ಖಾನೆಗೆ ಕಳಿಸುತ್ತಾರೆ. ಆದರೆ ಆ ಕೆಲಸ ನಡೆಯುವಾಗ ಧೂಳು, ವಾಸನೆ, ಹಾರುವ ಪ್ಲಾಸ್ಟಿಕ್ ಮೊದಲಿಗಿಂತ ಜಾಸ್ತಿ. ಮರೆ ತೀರಾ ಬೇಕಾಗುವುದು ಆಗಲೇ, ಅದೂ ಗಾಳಿ ಹೋಗುವ ಕಡೆಗೆ. ಹಳೇ ರಾಶಿ ಕರಗಿದರೂ ದಿನದ ಕಸ ಅಲ್ಲಿಗೇ ಬರುತ್ತಿದ್ದರೆ ಮತ್ತೆ ಅದೇ ರಾಶಿ.

ಹೊಂಗೆ ನೆರಳು

ರಾಶಿ ಮೇಲೇ ಗಿಡ ಬೆಳೆಸಿ ಪಾರ್ಕ್ ಮಾಡಬಹುದಲ್ವಾ ಅಂತ ನಮ್ಮ ನರ್ಸರಿಗೆ ಬಂದವರೊಬ್ಬರು ಕೇಳಿದ್ದರು. ಜೆಇ ಸರ್, ನಿಮ್ಮ ಅಭಿಪ್ರಾಯ?

ಹಳೇ ಜೆಇ

ಸುಮ್ನೆ ನಾಲ್ಕು ಬುಟ್ಟಿ ಮಣ್ಣು ಹಾಕಿ ಆಲದ ಸಸಿ ನೆಟ್ಟರೆ ಪಾರ್ಕ್ ಆಗುವುದಿಲ್ಲ. 2016ರ ನಿಯಮದ ಲೆಕ್ಕದಲ್ಲಿ ಮುಚ್ಚುವಾಗ 60 ಸೆಂಟಿಮೀಟರ್ ಜೇಡಿಮಣ್ಣು, ಅದರ ಮೇಲೆ 15 ಸೆಂಟಿಮೀಟರ್ ನೀರು ಹರಿಯುವ ಪದರ, ಅದರ ಮೇಲೆ 45 ಸೆಂಟಿಮೀಟರ್ ಗಿಡದ ಮಣ್ಣು ಬೇಕು. ಬೇರು 30 ಸೆಂಟಿಮೀಟರಿಗಿಂತ ಕೆಳಗೆ ಇಳಿಯದ, ತಿನ್ನಲು ಬರದ ಗಿಡವನ್ನೇ ಹಾಕಬೇಕು. ರಾಶಿ ನೆಲೆ ನಿಲ್ಲುವ ತನಕ ಆ ಷರತ್ತು ಇರುತ್ತದೆ. ಆಳದ ಬೇರು ಜೇಡಿಮಣ್ಣು ಸೀಳಿದರೆ ಮಳೆನೀರು ಒಳಗೆ ಹೋಗಿ ಕಸದ ರಸವಾಗಿ ಹೊರಗೆ ಬರುತ್ತದೆ. ಮುಚ್ಚಿದ ಮೇಲೂ 15 ವರ್ಷ ನೋಡಿಕೊಳ್ಳಬೇಕು. ನ್ಯೂಯಾರ್ಕಿನ ಫ್ರೆಶ್‌ಕಿಲ್ಸ್ ಯಾರ್ಡ್ 1948ರಿಂದ 2001ರ ತನಕ ಕಸ ತಿಂದಿತು. ಮುಚ್ಚಿ ಎರಡು ದಶಕ ದಾಟಿದರೂ ಪಾರ್ಕಿನ ಕೆಲಸ ಹಂತ ಹಂತವಾಗಿ ನಡೆಯುತ್ತಲೇ ಇದೆ.

ಮೇಲೆ ಹಸಿರು ಕಂಡ ಮಾತ್ರಕ್ಕೆ ರಾಶಿ ಗಟ್ಟಿ ಅಂತಲೂ ತಿಳಿಯಬೇಡಿ. 2019ರ ಆಗಸ್ಟ್ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ತೋಟ, ಮನೆಗಳ ಮೇಲೆ ಬಂತು.

ಎರೆಹೊಲ

ಸರಿ, ನಾನು ಅರ್ಜಿಯ ಕರಡು ಬರೆದಿದ್ದೇನೆ, ಸಾರಾಂಶ ಹಾಕುತ್ತೇನೆ. ತಗಡು ಬೇಡ. ಪೂರ್ವದ ಗಡಿಗೆ ಮೊದಲು ಮೆಶ್, ಈ ಆಷಾಢಕ್ಕೆ ಮುಂಚೆ, ಕೆಳಗೆ ಒಂದಡಿ ಹೂತು. ಮುಂಗಾರಿಗೆ ನಾಲ್ಕೂ ಕಡೆ ಗಿಡ, ಮಧ್ಯೆ ಗಾಡಿ ದಾರಿ. ದಿನಾ ಮಣ್ಣು. ಕೆಲಸದವರಿಗೆ ಕೋಣೆ, ಶೌಚಾಲಯ, ನಲ್ಲಿ. ಗೇಟಿನಲ್ಲಿ ಬೋರ್ಡ್. ಕೋಳಿ ಅಂಗಡಿ ಕಸಕ್ಕೆ ಬೇರೆ ಗಾಡಿ. ಏನಾದರೂ ಬಿಟ್ಟಿದ್ದೀನಾ?

ಕುರಿ ಮಂದೆ

ನಾಯಿಗೆ ಆಪರೇಷನ್ ಮಾಡಿಸುವುದನ್ನೂ ಬರೆಯಿರಿ.

ಹೊಂಗೆ ನೆರಳು

ನೀರು ಯಾರು ಹಾಕುತ್ತಾರೆ ಅನ್ನುವುದನ್ನು ಬಿಟ್ಟಿದ್ದೀರಿ. ಟ್ಯಾಂಕರ್ ಯಾವುದು, ವಾರಕ್ಕೆ ಎಷ್ಟು ಸಲ, ಫಾಲ್ಗುಣ ಚೈತ್ರದಲ್ಲಿ ಯಾರ ಜವಾಬ್ದಾರಿ, ಇಷ್ಟು ಕಾಗದದ ಮೇಲೆ ಬಂದರೆ ಲಕ್ಕಿ ಕಡ್ಡಿ ನಾನು ಪುಕ್ಕಟೆ ಕೊಡುತ್ತೇನೆ. ಹೊಂಗೆಗೆ ಮಾತ್ರ ದುಡ್ಡು.

ನಸುಕಿನ ಗಾಡಿ

ಆಯುವವರಿಗೆ ಗುರುತಿನ ಚೀಟಿ ಕೊಟ್ಟು ಒಳಗೆ ಬಿಡಬೇಕು ಅನ್ನುವುದನ್ನೂ ಸೇರಿಸಿ ಅಣ್ಣಾ.

ಹಳೇ ಜೆಇ

ಸರ್ವೆ ನಂಬರ್ ಹಾಕಿ, ನಾಲ್ಕು ದಿಕ್ಕಿನ ಫೋಟೊ ಲಗತ್ತಿಸಿ. ಪೂರ್ವದ ಫೋಟೊ ಗಾಳಿ ಇರುವ ದಿನ ತೆಗೆಯಿರಿ. ಒಂದು ಪ್ರತಿ ಸ್ಥಳೀಯ ಸಂಸ್ಥೆಗೆ, ಒಂದು ಜಿಲ್ಲಾಧಿಕಾರಿ ಕಚೇರಿಗೆ, ಒಂದು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ. ಮೂರಕ್ಕೂ ಸೀಲು ಹೊಡೆಸಿ ಸ್ವೀಕೃತಿ ತಗೊಳ್ಳಿ. ಬಾಯಿಮಾತಲ್ಲಿ ಆಯ್ತು ಹೋಗಿ ಅಂದರೆ ಅಲ್ಲೇ ಕೂತಿರಿ.

ಬೆಣ್ಣೆದೋಸೆ ಪ್ರಿಯ

ಸಹಿ ಹಾಕಲು ಆ ರಸ್ತೆಯಲ್ಲಿ ಓಡಾಡುವವರೂ ಬರಬಹುದಾ, ಊರಿನವರೇ ಆಗಬೇಕಾ? ಆಗಬಹುದು ಅಂದರೆ ನಮ್ಮ ಬಸ್ಸಿನಲ್ಲಿ ದಿನಾ ಬರುವವರ ಸಹಿ ನಾನು ಹಾಕಿಸಿಕೊಡುತ್ತೇನೆ.

ಎರೆಹೊಲ

ಬನ್ನಿ ಅಣ್ಣಾ. ಸೋಮವಾರ ಹೊಲದ ಕಡೆಯಿಂದಲೇ ಬನ್ನಿ, ರಸ್ತೆ ಕಡೆಯಿಂದ ಬೇಡ.